ತೆಂಗಿನಗುಂಡಿಯ ಎಂಟು ಸ್ವಿಚ್ಚುಗಳು

ಮೂರು ವಾರಗಳಲ್ಲಿ ತೆಂಗಿನಗುಂಡಿಯ ಪೆಟ್ಟಿಗೆ ನಾಲ್ಕು ಸಲ ಉತ್ತರ ಕೊಡದೆ ಸುಮ್ಮನಾಗಿತ್ತು. ನಾಲ್ಕೂ ಸಲ ಒಂದೆರಡು ತಾಸು ಕಳೆದ ಮೇಲೆ ತಾನಾಗಿಯೇ ಸರಿಹೋಗಿತ್ತು. ಕೆಟ್ಟು ಕೂತ ಯಂತ್ರಕ್ಕೆ ನಾನು ಹೆದರಿದವಳಲ್ಲ, ಬಿಚ್ಚಿ ನೋಡಿದರೆ ಏನೋ ಒಂದು ಸಿಕ್ಕೇ ಸಿಗುತ್ತದೆ. ತಾನಾಗಿಯೇ ಸರಿಹೋಗುವುದನ್ನು ಬಿಚ್ಚಿ ಏನು ನೋಡುವುದು?

ಎಂಬತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಮೇ ತಿಂಗಳು. ಕುಮಟಾ, ಹೊನ್ನಾವರ ಮತ್ತು ಭಟ್ಕಳದ ಹತ್ತಿರದ ತೆಂಗಿನಗುಂಡಿ, ಈ ಮೂರು ಕಡೆ ನಮ್ಮ ಪುಟ್ಟ ಸಂಸ್ಥೆ ಪ್ರಯೋಗಕ್ಕೆಂದು ಒಂದೊಂದು ತಗಡಿನ ಪೆಟ್ಟಿಗೆ ಇಟ್ಟಿತ್ತು. ಒಳಗೆ ಒಂದು ಪ್ರೊಸೆಸರ್, ಒಂದಿಷ್ಟು ಮೆಮೊರಿ. ಪಕ್ಕದಲ್ಲಿ ರೇಡಿಯೊ, ಮಾಡಿನ ಮೇಲೆ ಸೈರನ್. ಬಿರುಗಾಳಿಯ ಸೂಚನೆ ಬಂದ ಕೂಡಲೇ ಕುಮಟಾದ ಬಾಡಿಗೆ ಕೋಣೆಯಲ್ಲಿ ಕುಳಿತ ನಾನು ಒಂದು ಸಂದೇಶ ಕಳಿಸಬೇಕು. ನಮ್ಮ ರೇಡಿಯೊ ನಡುವಿನ ಗುಡ್ಡಗಳನ್ನು ದಾಟಿ ಭಟ್ಕಳದ ಕಡೆ ಮುಟ್ಟುತ್ತಿರಲಿಲ್ಲ. ಹಾಗಾಗಿ ಹೊನ್ನಾವರದ ಪೆಟ್ಟಿಗೆ ಅದನ್ನು ತೆಗೆದುಕೊಂಡು ತೆಂಗಿನಗುಂಡಿಗೆ ದಾಟಿಸಬೇಕು. ಮೂರೂ ಕಡೆ ಸೈರನ್ ಕೂಗಿದರೆ ದಡದ ಹತ್ತಿರ ಬಲೆ ಬಿಟ್ಟುಕೊಂಡಿರುವ ದೋಣಿಗಳು ತಿರುಗಿ ಬರುತ್ತವೆ. ಸಂದೇಶ ಮುಟ್ಟಿದ್ದಕ್ಕೆ ಪ್ರತಿ ಪೆಟ್ಟಿಗೆಯೂ ಉತ್ತರ ಕಳಿಸಬೇಕು. ದಿನಾ ಬೆಳಿಗ್ಗೆ ಹತ್ತಕ್ಕೆ ಸೈರನ್ ಕೂಗಿಸದ ಒಂದು ಪರೀಕ್ಷಾ ಸಂದೇಶ ಬಿಡುತ್ತಿದ್ದೆ. ತೆಂಗಿನಗುಂಡಿ ಸುಮ್ಮನಾಗುತ್ತಿದ್ದದ್ದು ಈ ಪರೀಕ್ಷೆಯಲ್ಲಿ.

ಸಂದೇಶಗಳನ್ನು ನಡೆಸುವ ಪ್ರೋಗ್ರಾಮನ್ನು ನಾಲ್ಕು ಪದರಗಳಾಗಿ ಬರೆದಿದ್ದೆವು. ರೇಡಿಯೊದಿಂದ ಒಂದೊಂದೇ ಅಕ್ಷರ ಹಿಡಿಯುವುದು ಮೊದಲನೆಯದು. ಹಿಡಿದದ್ದು ಸರಿಯಾಗಿದೆಯೇ ನೋಡಿ ಉತ್ತರ ಕೊಡುವುದು, ಕಳಿಸಿದ್ದಕ್ಕೆ ಉತ್ತರ ಬರದಿದ್ದರೆ ಮತ್ತೆ ಕಳಿಸುವುದು ಎರಡನೆಯದು. ಮುಂದಿನ ಊರಿಗೆ ದಾಟಿಸುವುದು ಮೂರನೆಯದು, ಸೈರನ್ ಕೂಗಿಸುವುದು ನಾಲ್ಕನೆಯದು. ಎರಡನೆಯ ಪದರ ನನ್ನ ಕೈಯದು. ಉಳಿದದ್ದು ನಮ್ಮ ಮುಖ್ಯಸ್ಥರದ್ದು. ತಪ್ಪು ಇರುವುದು ಎರಡನೆಯದರಲ್ಲೇ ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದದ್ದೇ ನನಗೆ ಹೆಚ್ಚು ಚುಚ್ಚುತ್ತಿತ್ತು.

ಒಳಗೆ ಏನಾಗುತ್ತಿದೆ ಎಂದು ತಿಳಿಯಲು ಪೆಟ್ಟಿಗೆಯೇ ಹೇಳಬೇಕು. ಅದಕ್ಕೆಂದು ಪ್ರೋಗ್ರಾಮಿನ ಆಯಕಟ್ಟಿನ ಜಾಗಗಳಲ್ಲಿ ತಪ್ಪು ಹುಡುಕಲು ನೆರವಾಗುವ ಡಿಬಗ್ ಸಾಲುಗಳನ್ನು ಸೇರಿಸಿದೆ. ಆ ಜಾಗಕ್ಕೆ ಬಂದಾಗ ಪ್ರತಿ ಪೆಟ್ಟಿಗೆಯ ಪಕ್ಕದ ಸಣ್ಣ ಪ್ರಿಂಟರ್ ಕಾಗದದ ಪಟ್ಟಿಯ ಮೇಲೆ ಒಂದು ಸಾಲು ಅಚ್ಚು ಹಾಕುತ್ತದೆ. ಯಾವುದನ್ನು ಅಚ್ಚು ಹಾಕಬೇಕು, ಯಾವುದನ್ನು ಬಿಡಬೇಕು ಎಂದು ಹೇಳಲು ಬೋರ್ಡಿನ ಅಂಚಿನಲ್ಲಿ ಅಕ್ಕಿಕಾಳಿನ ಗಾತ್ರದ ಎಂಟು ಸ್ವಿಚ್ಚುಗಳನ್ನು ಸಾಲಾಗಿ ಕೂರಿಸಿದೆ. ಎಡದಿಂದ ಮೊದಲ ನಾಲ್ಕು, ಒಂದೊಂದು ಪದರಕ್ಕೆ ಒಂದೊಂದು. ಐದನೆಯದು ಮೇಲಿದ್ದರೆ ಸಣ್ಣಪುಟ್ಟ ಸಂಗತಿಯೂ ಬರುತ್ತದೆ, ಕೆಳಗಿದ್ದರೆ ಗಂಭೀರ ತಪ್ಪುಗಳು ಮಾತ್ರ. ಆರು, ಏಳು ಬೇರೆ ಸಣ್ಣ ಕೆಲಸಕ್ಕೆ. ಎಂಟನೆಯದರ ವಿಷಯ ಆಮೇಲೆ ಬರುತ್ತದೆ.

ಮೊದಲ ದಿನ ಎಲ್ಲವನ್ನೂ ಮೇಲೆ ಮಾಡಿದೆ. ಪ್ರಿಂಟರ್ ಕರಕರ ಎಂದು ಪಟ್ಟಿ ಉಗುಳತೊಡಗಿತು, ಕೋಣೆಯ ತುಂಬ ಕಾಗದ. ಆದರೆ ಪ್ರಿಂಟರ್ ಬಹಳ ನಿಧಾನ. ಅದು ಒಂದು ಸಾಲು ಮುಗಿಸುವವರೆಗೆ ಪ್ರೊಸೆಸರ್ ಕಾಯುತ್ತ ನಿಲ್ಲುತ್ತದೆ, ಅಷ್ಟರಲ್ಲಿ ರೇಡಿಯೊದಲ್ಲಿ ಬಂದ ಅಕ್ಷರಗಳು ಕೈತಪ್ಪುತ್ತವೆ. ಪೆಟ್ಟಿಗೆ ಸಂಪೂರ್ಣ ಕಿವುಡಾಯಿತು. ಅದರಲ್ಲೂ ಮೊದಲನೆಯ ಪದರದ ಸ್ವಿಚ್ಚೊಂದೇ ಸಾಕು, ಪ್ರತಿ ಅಕ್ಷರಕ್ಕೂ ಒಂದು ಸಾಲು ಬಂದು ಪೆಟ್ಟಿಗೆ ಕೆಲಸ ಬಿಡುತ್ತಿತ್ತು. ಮುಖ್ಯಸ್ಥರು ಆ ದಿನವೇ ಒಂದು ನಿಯಮ ಮಾಡಿದರು: ಊರುಗಳಲ್ಲಿರುವ ಪೆಟ್ಟಿಗೆಗಳ ಸ್ವಿಚ್ಚುಗಳನ್ನು ಅವರನ್ನು ಕೇಳದೆ ಯಾರೂ ಮುಟ್ಟಬಾರದು.

ಅವರ ಒಪ್ಪಿಗೆ ಪಡೆದು ಕೆಲವು ದಿನ ಮೂರೂ ಕಡೆ ಎರಡನೆಯ ಪದರ ಮಾತ್ರ, ಗಂಭೀರ ತಪ್ಪು ಮಾತ್ರ ಎಂದು ಇಟ್ಟು ನೋಡಿದೆವು. ಪಟ್ಟಿ ಖಾಲಿ. ತೆಂಗಿನಗುಂಡಿ ನಾಲ್ಕನೆಯ ಸಲ ಸುಮ್ಮನಾದ ದಿನ ಮಾತ್ರ ಒಂದು ಸಾಲು ಬಂತು: ಮೆಮೊರಿಯ ಒಂದು ತುಂಡು ಸಿಗುತ್ತಿಲ್ಲ. ಆ ತುಂಡನ್ನು ಹಿಡಿದುಕೊಂಡವರು ಯಾರು ಎಂದು ನೋಡಲು ಹೋಗುವಷ್ಟರಲ್ಲಿ ಪೆಟ್ಟಿಗೆ ತನ್ನನ್ನು ತಾನೇ ಸರಿಪಡಿಸಿಕೊಂಡು, ಮೆಮೊರಿಯನ್ನೆಲ್ಲ ತಿದ್ದಿ ಬರೆದು ಮುಂದೆ ಹೋಗಿತ್ತು.

ಎಂಟನೆಯ ಸ್ವಿಚ್ಚು ಇದಕ್ಕಾಗಿ ಇತ್ತು. ಅದು ಮೇಲಿದ್ದರೆ, ಗಂಭೀರ ತಪ್ಪಿನ ಸಾಲು ಅಚ್ಚಾದ ಕೂಡಲೇ ಪೆಟ್ಟಿಗೆ ಇದ್ದಲ್ಲಿಯೇ ನಿಂತುಬಿಡುತ್ತದೆ. ಮೆಮೊರಿ ಹಾಗೆಯೇ ಉಳಿಯುತ್ತದೆ, ನಾನು ಹೋಗಿ ಓದಬಹುದು.

ಮುಖ್ಯಸ್ಥರು ಒಪ್ಪಲಿಲ್ಲ. "ನಮ್ಮ ಕೋಣೆಯಲ್ಲಿ ಬೇಕಾದರೆ ನಿಲ್ಲಿಸಿಕೊಳ್ಳಿ. ಸಮುದ್ರದ ದಂಡೆಯ ಪೆಟ್ಟಿಗೆ ನಿಲ್ಲಕೂಡದು. ತಪ್ಪು ಮಾಡಿದರೂ ನಡೀತಾ ಇರಬೇಕು."

ಕುಮಟಾದ ಕೋಣೆಯಲ್ಲಿ ಎಂಟು ದಿನ ಕಾದೆ. ತಪ್ಪು ಬರಲೇ ಇಲ್ಲ. ಅದು ಬರುತ್ತಿದ್ದದ್ದು ತೆಂಗಿನಗುಂಡಿಯಲ್ಲಿ ಮಾತ್ರ. ಮಳೆಗಾಲ ಹಿಡಿಯಲು ಹತ್ತು ಹದಿನೈದು ದಿನ ಉಳಿದಿತ್ತು. ಆ ಸೋಮವಾರ ಬಸ್ಸು ಹತ್ತಿ ಭಟ್ಕಳಕ್ಕೆ ಹೋದೆ, ಅಲ್ಲಿಂದ ತೆಂಗಿನಗುಂಡಿಗೆ. ಆಕಾಶ ತೊಳೆದಂತಿತ್ತು. ಎರಡೇ ದಿನ, ಬುಧವಾರ ಸಂಜೆ ಬಂದು ಆರಿಸುತ್ತೇನೆ ಎಂದು ನನಗೆ ನಾನೇ ಹೇಳಿಕೊಂಡು ಎರಡನೆಯ ಮತ್ತು ಎಂಟನೆಯ ಸ್ವಿಚ್ಚುಗಳನ್ನು ಹೊತ್ತಿಸಿದೆ. ಮುಖ್ಯಸ್ಥರಿಗೆ ಹೇಳಲಿಲ್ಲ.

ಪೆಟ್ಟಿಗೆ ಇದ್ದದ್ದು ಐಸ್ ಫ್ಯಾಕ್ಟರಿಯ ಹಿಂದಿನ ಒಂದು ಶೆಡ್ಡಿನಲ್ಲಿ. ಶೆಡ್ಡಿನ ಕೀಲಿ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ನಲವತ್ತು ದಾಟಿದ ಒಬ್ಬ ಹೆಂಗಸಿನ ಬಳಿ ಇರುತ್ತಿತ್ತು. ನಾವು ಅವರನ್ನು ಕೀಲಿಯಮ್ಮ ಎಂದೇ ಕರೆಯುತ್ತಿದ್ದೆವು. ಹೊರಡುವಾಗ ಅವರು ಪೆಟ್ಟಿಗೆಯ ಮೇಲಿನ ಧೂಳು ಒರೆಸಲು ಸೆರಗು ಹಿಡಿದು ಮುಂದೆ ಬಂದರು. ನಾನು ಗದರಿದೆ.

"ಎಂತಕ್ಕೂ ಅದನ್ನ ಮುಟ್ಟಬೇಡಿ. ಒಂದು ಬೆರಳು ತಾಗಿದರೂ ಎಲ್ಲ ಹಾಳು."

"ಆತು ಅಕ್ಕೋರೆ," ಎಂದು ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರಿಗೆ ಹೇಳುವ ಮಾತು ಅದು. ಓದಿದವಳು ಎಂದು ನನ್ನನ್ನೂ ಅವರು ಹಾಗೆಯೇ ಕರೆಯುತ್ತಿದ್ದರು.

ಮಂಗಳವಾರ ಪರೀಕ್ಷೆಗೆ ಉತ್ತರ ಬಂತು. ಬುಧವಾರ ಬೆಳಿಗ್ಗೆಯೂ ಬಂತು. ಮುಖ್ಯಸ್ಥರು ಏನೋ ಸಭೆಗೆಂದು ಕಾರವಾರಕ್ಕೆ ಹೋಗಿದ್ದರು. ಮಧ್ಯಾಹ್ನ ಧಾರೇಶ್ವರದ ಮನೆಯಿಂದ ತಂದ ಬುತ್ತಿ ಬಿಚ್ಚಿ ಎರಡು ತುತ್ತು ತಿಂದಿರಬೇಕು, ಕುಮಟಾದ ಪ್ರಿಂಟರ್ ತಾನಾಗಿ ಕರಕರ ಎಂದಿತು.

ಪಟ್ಟಿಯಲ್ಲಿ ಒಂದು ಸಾಲು: ಸತತ ಮೂರು ಸಂದೇಶ ಕೆಟ್ಟು ಬಂದಿವೆ.

ಅಂಥ ಸಾಲನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ. ಎದ್ದು ಕಿಟಕಿಯ ಬಳಿ ಹೋದೆ. ಪಡುವಣದಲ್ಲಿ ಮೋಡ ಮಸಿಯಂತೆ ಏರಿತ್ತು. ಎಲ್ಲೋ ದೂರ ಒಂದು ಮಿಂಚು, ಅದರ ಜೊತೆಗೆ ರೇಡಿಯೊದಲ್ಲಿ ಚಟಚಟ. ಮಿಂಚಿನ ಸದ್ದನ್ನು ರೇಡಿಯೊ ಅಕ್ಷರಗಳೆಂದು ತಿಳಿದು ಹಿಡಿಯುತ್ತಿತ್ತು. ಅವನ್ನು ನನ್ನ ಪದರ ಕೆಟ್ಟ ಸಂದೇಶ ಎಂದು ಎಣಿಸುತ್ತಿತ್ತು. ಸತತ ಮೂರು ಸಂದೇಶ ಕೆಡುವುದನ್ನು ಗಂಭೀರ ತಪ್ಪುಗಳ ಪಟ್ಟಿಗೆ ಸೇರಿಸಿದವಳು ನಾನೇ. ಬೇಸಿಗೆಯ ಕೋಣೆಯಲ್ಲಿ ಕುಳಿತು ಬರೆಯುವಾಗ ಯಂತ್ರ ಮುರಿಯದೆ ಹಾಗಾಗಲು ಸಾಧ್ಯವೇ ಇಲ್ಲ ಎಂದುಕೊಂಡಿದ್ದೆ.

ಕುಮಟಾದ ಪೆಟ್ಟಿಗೆ ಸಾಲು ಅಚ್ಚು ಹಾಕಿ ಮುಂದೆ ನಡೆದಿತ್ತು, ಅದರ ಎಂಟನೆಯ ಸ್ವಿಚ್ಚನ್ನು ಸೋಮವಾರ ಹೊರಡುವ ಮೊದಲೇ ಕೆಳಗೆ ಮಾಡಿದ್ದೆ. ತೆಂಗಿನಗುಂಡಿಯದು ಇದೇ ಸಾಲನ್ನು ಅಚ್ಚು ಹಾಕಿದ್ದರೆ ಅಲ್ಲಿಯೇ ನಿಂತಿರುತ್ತದೆ.

ಬುತ್ತಿ ಮುಚ್ಚಿಟ್ಟೆ. ಕೈ ತೊಳೆಯುತ್ತಿದ್ದಾಗ ಫೋನ್ ಬಂತು. ಬಂದರು ಕಚೇರಿಯ ಗುಮಾಸ್ತರು: "ಗಾಳಿ ಬರ್ತಾ ಇದ್ದು. ಇನ್ನೊಂದು ತಾಸಿನಾಗೆ ಜೋರು ಆಗ್ತದೆ ಅಂತ ಹೇಳ್ತ್ರು. ಈಗಲೇ ಕೂಗಿಸಿ."

ಸಂದೇಶ ಕಳಿಸಿದೆ. ಕುಮಟಾದ ಸೈರನ್ ನೆತ್ತಿಯ ಮೇಲೆಯೇ ಕೂಗಿತು. ಹೊನ್ನಾವರದ ಉತ್ತರ ಬಂತು. ತೆಂಗಿನಗುಂಡಿಯದು ಬರಲಿಲ್ಲ. ಮತ್ತೆ ಕಳಿಸಿದೆ. ಬರಲಿಲ್ಲ. ಮತ್ತೆ.

ಹೊನ್ನಾವರದ ಪೆಟ್ಟಿಗೆ ನೋಡಿಕೊಳ್ಳುತ್ತಿದ್ದವರು ಸೈನ್ಯದ ವೈರ್‌ಲೆಸ್ ವಿಭಾಗದಿಂದ ನಿವೃತ್ತರಾಗಿ ಬಂದ ಒಬ್ಬ ಆಪರೇಟರ್. ಅವರೇ ಫೋನ್ ಮಾಡಿದರು. "ಮೇಡಂ, ನನ್ನ ಪೆಟ್ಟಿಗೆ ಒಂದೇ ಸಮ ಕಳಿಸ್ತಾ ಇದೆ. ಆಚೆಯಿಂದ ಸೊಲ್ಲೇ ಇಲ್ಲ. ಅಲ್ಲಿ ಎಂತ ಆಗಿದೆ?"

ಒಂದು ಕ್ಷಣ ಗೊತ್ತಿಲ್ಲ ಎನ್ನೋಣ ಅನಿಸಿತು. ಹಿಂದೆ ನಾಲ್ಕು ಸಲ ಸುಮ್ಮನಾದ ಪೆಟ್ಟಿಗೆ ಅದು, ಐದನೆಯ ಸಲವೂ ಆಯಿತು ಎಂದರೆ ಯಾರೂ ನನ್ನನ್ನು ಕೇಳುತ್ತಿರಲಿಲ್ಲ.

"ನಾನು ನಿಲ್ಲುವ ಹಾಗೆ ಮಾಡಿ ಬಂದಿದ್ದೇನೆ," ಎಂದೆ. "ಅದು ನಿಂತಿದೆ."

ಅವರು ಬೈಯಲಿಲ್ಲ. "ನಾನು ಇಲ್ಲಿಂದ ಸ್ಕೂಟರ್ ಮೇಲೆ ಹೋದರೂ ಒಂದು ತಾಸು ಬೇಕು, ಅಷ್ಟರಲ್ಲಿ ಗಾಳಿ ಬಂದುಬಿಡ್ತದೆ. ಅಲ್ಲಿ ಫೋನ್ ಉಂಟಲ್ಲ? ನೀವು ಅವರ ಕೈಯಲ್ಲೇ ಮಾಡಿಸಿ. ನಾನು ನನ್ನ ಪೆಟ್ಟಿಗೆ ಬಿಟ್ಟು ಅಲ್ಲಾಡೂದಿಲ್ಲ."

ಟ್ರಂಕ್ ಎಕ್ಸ್‌ಚೇಂಜಿಗೆ ಫೋನ್ ಮಾಡಿ ಲೈಟ್ನಿಂಗ್ ಕಾಲ್ ಕೇಳಿದೆ, ಎಲ್ಲಕ್ಕಿಂತ ತುರ್ತಿನದು. ಐಸ್ ಫ್ಯಾಕ್ಟರಿಯ ನಂಬರ್ ಹೇಳುವಾಗ ಎರಡು ಸಲ ತಪ್ಪಿದೆ. ಗೋಡೆಯ ಗಡಿಯಾರ ನೋಡಬಾರದು ಎಂದುಕೊಂಡರೂ ನೋಡುತ್ತಿದ್ದೆ. ಆರು ನಿಮಿಷ. ಕೊನೆಗೆ ಗೊರಗೊರ ಸದ್ದಿನ ನಡುವೆ ಗಂಟೆ ಬಾರಿಸಿತು, ಯಾರೋ ಎತ್ತಿದರು, ಯಾರೋ ಕೂಗಿ ಕರೆದರು, ಕೀಲಿಯಮ್ಮನ ದನಿ ಬಂತು.

"ಅಕ್ಕೋರೆ? ಎಂತ?"

"ಶೆಡ್ಡಿನೊಳಗೆ ಹೋಗಿ ನೋಡಿ. ಪೆಟ್ಟಿಗೆ ಮೇಲೆ ಹಸಿರು ದೀಪ ಮಿಣುಕ್ತಾ ಇದೆಯಾ, ಕೆಂಪು ದೀಪ ಹತ್ತಿದೆಯಾ?"

ಫೋನ್ ಫ್ಯಾಕ್ಟರಿಯ ಮುಂದಿನ ಕೋಣೆಯಲ್ಲಿ, ಶೆಡ್ಡು ಅಂಗಳದ ಆಚೆ. ಅವರು ಓಡಿ ಹೋಗಿ ಓಡಿ ಬರಬೇಕು. ಬಂದರು, ಏದುಸಿರು.

"ಕೆಂಪು. ಹಸಿರು ಇಲ್ಲೇ ಇಲ್ಲ." ಪೆಟ್ಟಿಗೆ ನಿಂತಿದ್ದರ ಗುರುತು ಅದು.

"ಅದರ ಮುಚ್ಚಳ ತೆಗೀಬೇಕು ನೀವು. ಒಳಗೆ ಅಂಚಿನಲ್ಲಿ ಬಿಳೀ ಪುಟ್ಟ ಸ್ವಿಚ್ಚು ಸಾಲಾಗಿ ಎಂಟು ಇದ್ದಾವೆ."

"ಮುಟ್ಟೂಕಾಗ ಅಂದಿದ್ರಲ್ದಾ ನೀವು? ಬೆರಳು ತಾಗಿದ್ರೆ ಹಾಳು ಅಂತ."

"ಅಂದಿದ್ದೆ. ತಪ್ಪಾಯ್ತು. ಈಗ ಮುಟ್ಟಲೇಬೇಕು. ಸೈರನ್ ನಿಂತಿದೆ, ಗಾಳಿ ಬರ್ತಾ ಇದೆ. ಬಲಗಡೆ ತುದಿಯದನ್ನ ಕೆಳಗೆ ಒತ್ತಿ ಬನ್ನಿ."

"ಆತು," ಎಂದರು. ಹೆಜ್ಜೆ ಸದ್ದು ದೂರವಾಯಿತು.

ಆಗ ನನಗೆ ನೆನಪಾಯಿತು. ಸೈರನ್ನಿನ ತಂತಿ ಮಾಡಿನಿಂದ ಇಳಿದು ಬರುತ್ತದೆಂದು ತೆಂಗಿನಗುಂಡಿಯಲ್ಲಿ ಪೆಟ್ಟಿಗೆಯನ್ನು ಗೋಡೆಗೆ ತಲೆಕೆಳಗಾಗಿ ಕೂರಿಸಿದ್ದೆವು. ಅಲ್ಲಿ ಬಲಗಡೆಯ ತುದಿ ಎಂಟನೆಯದಲ್ಲ, ಮೊದಲನೆಯದು. ಅಲ್ಲಿ ಕೆಳಗೆ ಒತ್ತುವುದೆಂದರೆ ಆರಿಸುವುದಲ್ಲ, ಹೊತ್ತಿಸುವುದು. ಪೆಟ್ಟಿಗೆಯನ್ನು ಕಿವುಡು ಮಾಡುವ ಸ್ವಿಚ್ಚನ್ನೇ ನಾನು ಅವರ ಕೈಯಲ್ಲಿ ಹೊತ್ತಿಸುತ್ತಿದ್ದೆ. ಅದೋ ಇದೋ? ತಲೆಕೆಳಗಾಗಿ ಕೂರಿಸಿದ್ದು ತೆಂಗಿನಗುಂಡಿಯಲ್ಲೋ ಹೊನ್ನಾವರದಲ್ಲೋ? ಎರಡು ದಿನದ ಹಿಂದೆ ಅದರ ಮುಂದೆ ಅರ್ಧ ತಾಸು ನಿಂತವಳಿಗೆ ಈಗ ಕಣ್ಣಮುಂದೆ ಏನೂ ಬರಲಿಲ್ಲ. ರಿಸೀವರಿನಲ್ಲಿ "ಅಮ್ಮಾ, ನಿಲ್ಲಿ!" ಎಂದು ಕೂಗಿದೆ. ಎಕ್ಸ್‌ಚೇಂಜಿನ ಹೆಂಗಸು ನಡುವೆ ಬಂದಳು: "ಮೂರು ನಿಮಿಷ ಆತು. ಮುಂದುವರಿಸ್ತ್ರಾ?"

"ಕಡೀಬೇಡಿ, ದಮ್ಮಯ್ಯ. ನಾನು ಹೇಳುವವರೆಗೂ ಕಡೀಬೇಡಿ."

ಕೀಲಿಯಮ್ಮ ಬಂದರು. "ಒತ್ತಿದೆ. ತಲೆಪಿನ್ನಿನ ತುದಿಯಿಂದ ಒತ್ತಿದೆ. ಕೆಂಪು ಹಾಂಗೇ ಇತ್ತು."

ಇನ್ನು ನನ್ನ ನೆನಪನ್ನು ನಂಬಿ ಏನೂ ಹೇಳಕೂಡದು ಎಂದು ಆಗ ನಿಶ್ಚಯಿಸಿದೆ. ಹೇಳುವುದನ್ನು ಬಿಟ್ಟು ಕೇಳಬೇಕು.

"ಅಮ್ಮ, ಈಗ ಯಾವುದನ್ನೂ ಮುಟ್ಟಬೇಡಿ. ಎಂಟರಲ್ಲಿ ಎಷ್ಟು ಮೇಲಿದಾವೆ, ಎಷ್ಟು ಕೆಳಗಿದಾವೆ, ಎಡಗಡೆಯಿಂದ ಒಂದೊಂದೇ ನೋಡಿ ಬನ್ನಿ."

ಅವರು ಹೋಗಲಿಲ್ಲ. "ನೋಡಿಯೇ ಬಂದೆ. ಎಡಗಡೆ ತುದಿಯದು ಕೆಳಗೆ. ಅದ್ರ ಬಾಜಿನವು ಐದು ಮೇಲೆ. ಮತ್ತೊಂದು ಕೆಳಗೆ. ಕಡೇದು ನಾ ಒತ್ತಿದ್ದು, ಅದೂ ಮೇಲೇ ಇತ್ತು, ಈಗ ಕೆಳಗೆ."

ಮೇಜಿನ ಮೇಲಿದ್ದ ಪಟ್ಟಿಯ ಹಿಂಬದಿಯಲ್ಲಿ ಬರೆದುಕೊಂಡೆ. ನಾನು ಸೋಮವಾರ ಹೊತ್ತಿಸಿದ್ದು ಎರಡೇ, ಎರಡನೆಯದು ಮತ್ತು ಎಂಟನೆಯದು. ಅವರು ಮುಟ್ಟುವ ಮುಂಚೆ ಆರು ಮೇಲಿದ್ದವು, ಎರಡು ಕೆಳಗಿದ್ದವು. ಹಾಗಾದರೆ ಅಲ್ಲಿ ಕೆಳಗಿರುವುದೇ ಹೊತ್ತಿದ್ದು. ಎಡತುದಿಯದು ಎಂಟನೆಯದು, ಬಲತುದಿಯ ಪಕ್ಕದ್ದು ಎರಡನೆಯದು. ಪೆಟ್ಟಿಗೆ ತಲೆಕೆಳಗಾಗಿಯೇ ಇದೆ.

ಇನ್ನೊಂದು ಯೋಚನೆಯೂ ಬಂತು, ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಪೆಟ್ಟಿಗೆ ನಿಂತಿದೆ, ಮೆಮೊರಿ ಹಾಗೆಯೇ ಇದೆ. ನಿಲ್ಲಿಸಿದ್ದು ಮಿಂಚಲ್ಲದೆ ನಾನು ಮೂರು ವಾರದಿಂದ ಹುಡುಕುತ್ತಿದ್ದ ತಪ್ಪೇ ಆಗಿದ್ದರೆ? ಪ್ಲಗ್ ಕಿತ್ತರೆ ಎಲ್ಲ ಅಳಿಸಿಹೋಗುತ್ತದೆ. ಎರಡನೆಯ ಸ್ವಿಚ್ಚನ್ನಾದರೂ ಹಾಗೆಯೇ ಬಿಟ್ಟರೆ ಮುಂದೆ ಏನಾದರೂ ಗೊತ್ತಾದೀತು. ಒಂದು ಉಸಿರಿನಷ್ಟು ಹೊತ್ತು ಹಾಗೆ ಯೋಚಿಸಿದೆ. ಕಿಟಕಿಯ ಬಾಗಿಲು ಗಾಳಿಗೆ ಪಟಾರನೆ ಬಡಿಯಿತು.

"ಎಲ್ಲಾ ಎಂಟನ್ನೂ ಮೇಲೆ ಮಾಡಿ. ಒಂದೂ ಕೆಳಗಿರಬಾರದು. ಆಮೇಲೆ ಗೋಡೆಯಿಂದ ಪ್ಲಗ್ ಕೀಳಿ, ಹತ್ತು ಎಣಿಸಿ, ಮತ್ತೆ ಹಾಕಿ. ಹಸಿರು ಮಿಣುಕಿದರೆ ಬಂದು ಹೇಳಿ."

"ಎಂಟೂ ಮೇಲೆ. ಕಿತ್ತು, ಹತ್ತು ಎಣಿಸಿ, ಹಾಕೂದು," ಎಂದು ಪಾಠ ಒಪ್ಪಿಸುವಂತೆ ಹೇಳಿ ಹೋದರು.

ಈ ಸಲ ಬರಲು ಬಹಳ ಹೊತ್ತಾಯಿತು. ಫೋನಿನಲ್ಲಿ ಮಳೆಯ ಮೊದಲ ಹನಿಗಳು ತಗಡಿನ ಮೇಲೆ ಬೀಳುವ ಸದ್ದು ಕೇಳಿಸುತ್ತಿತ್ತು.

"ಮಿಣುಕ್ತು!"

ಒಂದು ಕೈಯಲ್ಲಿ ರಿಸೀವರ್ ಹಿಡಿದು ಇನ್ನೊಂದು ಕೈಯಲ್ಲಿ ಸಂದೇಶ ಒತ್ತಿದೆ. ಹೊನ್ನಾವರದ ಉತ್ತರ. ಮತ್ತೆ ಏನೂ ಇಲ್ಲ. ಮಿಂಚಿನ ಚಟಚಟ. ಹೊನ್ನಾವರದ ಪೆಟ್ಟಿಗೆ ಅಲ್ಲಿ ಎರಡನೆಯ ಸಲ, ಮೂರನೆಯ ಸಲ ಕಳಿಸುತ್ತಿರಬೇಕು. ಹಾಗೆ ಬಿಡದೆ ಮತ್ತೆ ಮತ್ತೆ ಕಳಿಸುವ ಭಾಗ ನಾನೇ ಬರೆದದ್ದು.

ಉತ್ತರ ಪರದೆಯ ಮೇಲೆ ಮೂಡುವ ಮೊದಲೇ ಅದು ಕಿವಿಗೆ ಕೇಳಿಸಿತು. ಫೋನಿನೊಳಗಿಂದ, ಅರವತ್ತು ಕಿಲೋಮೀಟರ್ ಆಚೆಯಿಂದ, ಸಣ್ಣಗೆ ಶುರುವಾಗಿ ಏರುತ್ತ ಹೋದ ಸೈರನ್. ಕೀಲಿಯಮ್ಮ ಏನೋ ಹೇಳಿದರು, ಅದರಲ್ಲಿ ಮುಳುಗಿಹೋಯಿತು. ಆಮೇಲೆ ಲೈನ್ ಕಡಿಯಿತು.

ಕುಮಟಾದಲ್ಲಿ ಮೊದಲ ಸಲ ಸಂದೇಶ ಒತ್ತಿದಾಗಿನಿಂದ ಆಗಿದ್ದು ಇಪ್ಪತ್ತೆರಡು ನಿಮಿಷ.

ಕಾರವಾರಕ್ಕೆ ಫೋನ್ ಮಾಡಿ ಮುಖ್ಯಸ್ಥರಿಗೆ ಎಲ್ಲ ಹೇಳಿದೆ. "ಹೋಗಿ ಅಲ್ಲಿ ಹೇಳಿ ಬನ್ನಿ. ಕಾಗದದ ಮೇಲೆ ಆಮೇಲೆ ಬರೆಯೋಣ," ಎಂದರು.

ಸಿಕ್ಕಿದ ಬಸ್ಸು ಹತ್ತಿದೆ. ಶರಾವತಿ ಸೇತುವೆಯ ಮೇಲೆ ಗಾಳಿ ಬಸ್ಸನ್ನೇ ಅಲ್ಲಾಡಿಸುತ್ತಿತ್ತು. ಕೆಳಗೆ ಹೊಳೆ ಕೆಸರು ಬಣ್ಣಕ್ಕೆ ತಿರುಗಿತ್ತು. ದಾರಿಯುದ್ದಕ್ಕೂ ನಾನು ಒಂದೇ ಲೆಕ್ಕ ಹಾಕುತ್ತಿದ್ದೆ: ಇಪ್ಪತ್ತೆರಡು ನಿಮಿಷದಲ್ಲಿ ಒಂದು ದೋಣಿ ಎಷ್ಟು ದೂರ ಬರುತ್ತದೆ. ಗೊತ್ತಿರಲಿಲ್ಲ. ಸಮುದ್ರದ ದಂಡೆಯಲ್ಲಿ ಹುಟ್ಟಿ ಬೆಳೆದವಳು ನಾನು. ಆ ಪೆಟ್ಟಿಗೆಯ ಮೇಲೆ ಎಂಟು ತಿಂಗಳು ಕೆಲಸ ಮಾಡಿದ್ದೆ. ಆದರೂ ಅದನ್ನು ಯಾರನ್ನೂ ಕೇಳಿರಲಿಲ್ಲ.

ತೆಂಗಿನಗುಂಡಿ ತಲುಪಿದಾಗ ಮಳೆ ನಿಂತು ಹಳದಿ ಬೆಳಕು ಬಿದ್ದಿತ್ತು. ದೋಣಿಗಳನ್ನು ದಂಡೆಗೆ ಎಳೆದು ಹಾಕಿದ್ದರು. ಬೆಳಿಗ್ಗೆ ಹೋದದ್ದು ಹನ್ನೊಂದು. ಹತ್ತು ಗಾಳಿಗೆ ಮುಂಚೆ ಒಳಗೆ ಬಂದಿದ್ದವು. ಹನ್ನೊಂದನೆಯದು ಅಳಿವೆಯ ಬಾಯಲ್ಲಿ, ಹೊಳೆ ಸಮುದ್ರ ಸೇರುವಲ್ಲಿ, ತೆರೆಗೆ ಸಿಕ್ಕು ಮಗುಚಿತ್ತು. ಒಳಗಿದ್ದ ಮೂವರೂ ದೋಣಿಯ ಬೆನ್ನು ಹಿಡಿದು ಉಳಿದಿದ್ದರು. ಬಲೆ ಹೋಗಿತ್ತು.

ಐಸ್ ಫ್ಯಾಕ್ಟರಿಯ ಜಗಲಿಯಲ್ಲಿ ಹತ್ತಾರು ಜನ ಕುಳಿತಿದ್ದರು. ನಡುವೆ ಕಂಬಳಿ ಹೊದ್ದ ಒಬ್ಬ, ಬಲಗೈಗೆ ಹಲಗೆ ಕಟ್ಟಿದ್ದರು. ನಾನು ನಿಂತೇ ಹೇಳಿದೆ. ಸೈರನ್ ತಡವಾಗಿ ಕೂಗಿದ್ದು ಮಿಂಚಿನಿಂದಲ್ಲ, ಯಂತ್ರ ಕೆಟ್ಟಿದ್ದರಿಂದಲೂ ಅಲ್ಲ. ಒಂದು ತಪ್ಪನ್ನು ಹಿಡಿಯಬೇಕೆಂದು ನಾನು ಅದನ್ನು ನಿಲ್ಲುವಂತೆ ಮಾಡಿ ಹೋಗಿದ್ದೆ. ಇಪ್ಪತ್ತೆರಡು ನಿಮಿಷ ನನ್ನದು.

ಕಂಬಳಿ ಹೊದ್ದವನು ತಲೆ ಎತ್ತಿ ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ.

"ಇಪ್ಪತ್ತು ನಿಮಿಷ ಮುಂಚೆ ಕೂಗಿದ್ರೆ ನಾವು ಅಳಿವೆ ಒಳಗೆ ಇರ್ತಿದ್ವು."

ಮೂರು ವಾರದಿಂದ ಹುಡುಕುತ್ತಿದ್ದ ತಪ್ಪನ್ನು ಮಳೆಗಾಲ ಮುಗಿದ ಮೇಲೆ ಹಿಡಿದೆ. ಮೆಮೊರಿಯ ಒಂದೇ ತುಂಡನ್ನು ಪ್ರೋಗ್ರಾಮು ಎರಡು ಸಲ ಬಿಟ್ಟುಕೊಡುತ್ತಿತ್ತು, ನನ್ನ ಪದರದಲ್ಲಿಯೇ. ಪೆಟ್ಟಿಗೆಯನ್ನು ನಿಲ್ಲಿಸದೆ, ಇಡೀ ಸಾಲಿನ ಬದಲು ಒಂದೇ ಅಕ್ಷರದ ಗುರುತನ್ನು ಮೆಮೊರಿಯ ಒಂದು ಮೂಲೆಯಲ್ಲಿ ಬರೆಸಿ, ಬಿಡುವಾದಾಗ ಮಾತ್ರ ಅಚ್ಚು ಹಾಕಿಸಿ ಹಿಡಿದದ್ದು. ಅಷ್ಟು ಸರಳವಾದ ದಾರಿ ಮೇ ತಿಂಗಳಲ್ಲಿ ಹೊಳೆದಿರಲಿಲ್ಲ.

ಆ ಸಂಜೆ ಕೀಲಿಯಮ್ಮ ಒಳಗಿನಿಂದ ಒಂದು ಲೋಟ ಚಾ ತಂದರು. ನನಗೆಂದು ಕೈ ಚಾಚಿದೆ. ಅವರು ನನ್ನನ್ನು ದಾಟಿ ಹೋಗಿ ಕಂಬಳಿಯವನ ಪಕ್ಕ ಕುಳಿತು, ಲೋಟವನ್ನು ಅವನ ಎಡಗೈಗೆ ಹಿಡಿಸಿ, ಅಲ್ಲಾಡದಂತೆ ತಾವೂ ಹಿಡಿದುಕೊಂಡರು.

"ನಿಮ್ಮ ಮನೆಯವರಾ?" ಎಂದೆ.

"ಹೌದು."

"ಫೋನಿನಲ್ಲಿ ನೀವು ಹೇಳಲೇ ಇಲ್ಲ. ಇವರು ಸಮುದ್ರದಲ್ಲಿದ್ದಾರೆ ಅಂತ."

ಅವರು ಗಂಡ ಚಾ ಕುಡಿಯುವುದನ್ನೇ ನೋಡುತ್ತಿದ್ದರು. "ನಿಮ್ಮ ದನಿ ಮೊದಲೇ ನಡುಗ್ತಿತ್ತು ಅಕ್ಕೋರೆ. ಅದನ್ನೂ ಹೇಳಿದ್ರೆ, ಯಾವುದು ಒತ್ತೂದು ಅಂತ ನಂಗೆ ಮತ್ಯಾರು ಹೇಳ್ತಿದ್ರು?"